ಗಂಡನಿಂದ ಬಂದ ವೈರಸ್, ಹೆಂಡತಿಗೆ ಹೊರಿಸುವ ಕಳಂಕ

ಮೈಸೂರಿನ ಹೊರವಲಯದ ಬಡ ಬಡಾವಣೆಗಳು ಮತ್ತು ಸುತ್ತಲಿನ ಹಳ್ಳಿಗಳ ಸುಮಾರು 900 ಯುವತಿಯರನ್ನು 2005–06ರಲ್ಲಿ ಸಂಶೋಧಕರು ತಪಾಸಣೆ ಮಾಡಿದರು. ನೂರಕ್ಕೆ ಸುಮಾರು 11 ಮಂದಿಯ ರಕ್ತದಲ್ಲಿ ಜನನಾಂಗದ ಹರ್ಪಿಸ್ ತರುವ ಎಚ್‌ಎಸ್‌ವಿ-2 ವೈರಸ್ಸಿನ ಸುಳಿವು ಸಿಕ್ಕಿತು. ಇವರಲ್ಲಿ ಬಹುತೇಕರು ಸಂಸಾರಸ್ಥ ಹೆಣ್ಣುಮಕ್ಕಳು.

ಗಂಡಸರಿಗಿಂತ ಹೆಂಗಸರಲ್ಲಿ ಈ ಸೋಂಕು ಹೆಚ್ಚುಕಡಿಮೆ ದುಪ್ಪಟ್ಟು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವೈರಸ್ ಹೆಣ್ಣಿನಿಂದ ಗಂಡಿಗೆ ದಾಟುವುದಕ್ಕಿಂತ ಗಂಡಿನಿಂದ ಹೆಣ್ಣಿಗೆ ಸುಲಭವಾಗಿ ದಾಟುತ್ತದೆ. ವಾಸನೆಯ ಬಿಳಿಸೆರಗಿಗೆ ಕಾರಣವಾಗುವ ಬ್ಯಾಕ್ಟೀರಿಯಲ್ ವಜೈನೋಸಿಸ್ ಇದ್ದರಂತೂ ಅಪಾಯ ಇನ್ನಷ್ಟು ಏರುತ್ತದೆ. ಶುಚಿಯ ಹೆಸರಿನಲ್ಲಿ ಯೋನಿಯ ಒಳಭಾಗವನ್ನು ತೊಳೆಯುವ ಅಭ್ಯಾಸವೂ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಹಾಳುಮಾಡುತ್ತದೆ. ಸಂಗಾತಿಗಳ ಸಂಖ್ಯೆ ಹೆಚ್ಚಿದಷ್ಟೂ ಅಪಾಯ ಹೆಚ್ಚು, ನಿಜ. ಆದರೆ ಗಂಡನಿಗೆ ಮದುವೆಗೆ ಮುಂಚೆಯೇ ಸೋಂಕು ತಗುಲಿದ್ದರೆ, ಅವನೊಬ್ಬನನ್ನೇ ನಂಬಿ ಬಾಳುವ ಹೆಂಡತಿಗೂ ಅದು ಬರಬಹುದು. ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆಯಾದರೂ ಅದು ಮುಚ್ಚದ ಚರ್ಮದಿಂದಲೂ ವೈರಸ್ ಹರಡುವುದರಿಂದ ಪೂರ್ತಿ ತಡೆಯುವುದಿಲ್ಲ.

ಸೋಂಕಿತರಲ್ಲಿ ಹೆಚ್ಚಿನವರಿಗೆ ಲಕ್ಷಣಗಳೇ ಇರುವುದಿಲ್ಲ, ಇದ್ದರೂ ಗಮನಕ್ಕೆ ಬರುವುದಿಲ್ಲ. ಕೆಲವರಿಗೆ ಮಾತ್ರ ಜ್ವರ, ಮೈಕೈ ನೋವು, ತೊಡೆಸಂದಿಯಲ್ಲಿ ಗಡ್ಡೆ ಕಾಣಿಸಿಕೊಂಡು, ಗುಂಪುಗುಂಪಾಗಿ ನೀರುಗುಳ್ಳೆ ಏಳುತ್ತವೆ. ಅವು ಒಡೆದು ಹುಣ್ಣಾದಾಗ ಮೂತ್ರ ತಾಗಿದರೆ ಪ್ರಾಣ ಹೋಗುವಷ್ಟು ಉರಿ. ‘ಉಷ್ಣ ಆಗಿದೆ’ ಎಂದು ಎಳನೀರು, ಜೀರಿಗೆ ಕಷಾಯ ಕುಡಿದು ಸುಮ್ಮನಾಗುವವರೇ ಜಾಸ್ತಿ. ಹುಣ್ಣು ತಾನಾಗಿ ಒಣಗುತ್ತದೆ. ವೈರಸ್ ಮಾತ್ರ ಬೆನ್ನುಹುರಿಯ ಬಳಿಯ ನರಗಂಟುಗಳಲ್ಲಿ ಅವಿತು, ಆಗಾಗ ಮತ್ತೆ ತಲೆ ಎತ್ತುತ್ತದೆ.

ಕಾಯಿಲೆ ಗೊತ್ತಾದೊಡನೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: ‘ಯಾರು ತಂದದ್ದು?’ ಇದಕ್ಕೆ ರಕ್ತಪರೀಕ್ಷೆಯಲ್ಲಿ ಉತ್ತರವಿಲ್ಲ. ಸೋಂಕು ಎಂದು ತಗುಲಿತು, ಯಾರಿಂದ ತಗುಲಿತು ಎಂಬುದನ್ನು ಅದು ಹೇಳಲಾರದು. ವರ್ಷಗಟ್ಟಲೆ ಸದ್ದಿಲ್ಲದೆ ಇದ್ದ ವೈರಸ್ ಇಂದು ಕಾಣಿಸಿಕೊಂಡಿರಬಹುದು. ಹಾಗಿದ್ದೂ ಹೆಣ್ಣಿನ ನಡತೆಯ ಮೇಲೆ ಬೆರಳು ತೋರುವುದು ಶುದ್ಧ ಅನ್ಯಾಯ.

ಈ ಅವಮಾನದ ಭಯಕ್ಕೆ ಆಸ್ಪತ್ರೆ ತಪ್ಪಿಸಿದರೆ ನಷ್ಟ ದೊಡ್ಡದು. ಎಚ್‌ಎಸ್‌ವಿ-2 ಇದ್ದವರಿಗೆ ಎಚ್‌ಐವಿ ತಗುಲುವ ಸಾಧ್ಯತೆ ಸುಮಾರು 3 ಪಟ್ಟು ಹೆಚ್ಚು. ಸೋಂಕನ್ನು ಬುಡಸಮೇತ ಕೀಳುವ ಔಷಧ ಇಲ್ಲ, ಲಸಿಕೆಯೂ ಬಂದಿಲ್ಲ. ಆದರೆ ಅಸೈಕ್ಲೊವಿರ್ ಮಾತ್ರೆ ಹುಣ್ಣನ್ನು ಬೇಗ ಒಣಗಿಸುತ್ತದೆ. ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ’ ಕ್ಲಿನಿಕ್‌ಗಳ ಚಿಕಿತ್ಸಾಕ್ರಮದಲ್ಲಿ ಹರ್ಪಿಸ್‌ಗೆಂದೇ ಕೆಂಪು ಬಣ್ಣದ ಕಿಟ್ ಇದೆ: 400 ಮಿಲಿಗ್ರಾಂ ಮಾತ್ರೆ, ದಿನಕ್ಕೆ 3 ಬಾರಿ, 7 ದಿನ.

ಗರ್ಭಿಣಿಯರು ವೈದ್ಯರಿಂದ ಈ ಸೋಂಕನ್ನು ಮುಚ್ಚಿಡಲೇಬಾರದು. ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ಸೋಂಕು ತಗುಲಿದರೆ ಹೆರಿಗೆಯ ವೇಳೆ ಮಗುವಿಗೂ ದಾಟುವ ಅಪಾಯ ಶೇ 30ರಿಂದ 50. ಹಳೆಯ ಸೋಂಕು ಮರುಕಳಿಸಿದವರಲ್ಲಿ ಅದು ತೀರಾ ಕಡಿಮೆ. ಮೊದಲೇ ತಿಳಿಸಿದರೆ ವೈದ್ಯರು 36ನೇ ವಾರದಿಂದ ಮಾತ್ರೆ ಶುರುಮಾಡಬಹುದು. ಹೆರಿಗೆ ನೋವು ಶುರುವಾದಾಗ ಹುಣ್ಣಿದ್ದರೆ ಸಿಸೇರಿಯನ್ ಮಾಡಿ ಮಗುವನ್ನು ಕಾಪಾಡಬಹುದು. ಗರ್ಭಿಣಿಯ ತಪಾಸಣೆಗೆ ಹೆಂಡತಿಯ ಜೊತೆ ಗಂಡನೂ ಹೋಗಬೇಕು.