‘ಸ್ಕ್ಯಾನ್ ಆಗಲಿಲ್ಲ’ ಎಂದರೆ ರೋಗವೂ ಅಲ್ಲ, ಆರೋಗ್ಯವೂ ಅಲ್ಲ



ಹಿಂದೆ ಗಲ್ಲಾದ ಮೇಲೆ ಬಿಲ್ ಪುಸ್ತಕ, ಕಾರ್ಬನ್ ಹಾಳೆ, ಚಿಲ್ಲರೆ ಡಬ್ಬಿ ಇದ್ದರೆ ಸಾಕಿತ್ತು. ಈಗ ನಮ್ಮ ವಿಲೆ ಪಾರ್ಲೆಯ ಸಣ್ಣ ಉಪಾಹಾರ ಗೃಹಗಳಲ್ಲೂ ಗಲ್ಲಾದ ಪಕ್ಕ ಕಂಪ್ಯೂಟರ್ ಬಂದು ಕೂತಿದೆ. ದಿನದ ಬಿಲ್ಲು, ಜಿಎಸ್‌ಟಿ ಲೆಕ್ಕ, ಹಾಲಿನವನ ಬಾಕಿ, ಮದುವೆ ಆರ್ಡರು ಎಲ್ಲವೂ ಅದರ ಹೊಟ್ಟೆಯಲ್ಲಿ. ಅದನ್ನು ಕಾಯಲು ಆಂಟಿವೈರಸ್ ಹಾಕಿಸುತ್ತೇವೆ. ಸ್ಕ್ಯಾನ್ ಮುಗಿದಾಗ ಅದು ಹೇಳುತ್ತದೆ: ವೈರಸ್ ಸಿಕ್ಕಿಲ್ಲ, ಆದರೆ ಕೆಲವು ಫೈಲ್‌ಗಳನ್ನು ಸ್ಕ್ಯಾನ್ ಮಾಡಲಾಗಲಿಲ್ಲ. ಈ ಸಾಲು ಕಂಡು ಕೆಲವರು ಗಾಬರಿಯಾಗಿ ಇಂಜಿನಿಯರ್‌ಗೆ ಫೋನ್ ಮಾಡುತ್ತಾರೆ. ಹೆಚ್ಚಿನವರು ಓದದೆಯೇ ಮುಚ್ಚಿಬಿಡುತ್ತಾರೆ. ಎರಡೂ ಸರಿಯಲ್ಲ.

ನಮ್ಮ ಭಾಷೆಯಲ್ಲೇ ಹೇಳುವುದಾದರೆ, ಹತ್ತು ಮೂಟೆ ಅಕ್ಕಿ ಬಂತು. ಸ್ಟೋರಿನ ಹುಡುಗ ಒಂಬತ್ತನ್ನು ಬಿಚ್ಚಿ ನೋಡಿ ಹುಳ ಇಲ್ಲ ಎಂದ. ಹತ್ತನೆಯದರ ಹೊಲಿಗೆ ಬಿಚ್ಚಲಾಗಲಿಲ್ಲ ಎಂದ. ಅದರಲ್ಲಿ ಹುಳ ಇದೆ ಎಂದೂ ಅರ್ಥವಲ್ಲ, ಇಲ್ಲ ಎಂದೂ ಅಲ್ಲ. ನೋಡಿಲ್ಲ, ಅಷ್ಟೇ. ಆಗ ನಾವು ಕೇಳಬೇಕಾದದ್ದು: ಮೂಟೆ ಎಲ್ಲಿಂದ ಬಂತು? ಹೊಲಿಗೆ ಹಾಕಿದವರು ಯಾರು? ಕಂಪ್ಯೂಟರಿನಲ್ಲೂ ಇದೇ ಪ್ರಶ್ನೆ. ಫೈಲ್‌ಗಳ ಹೆಸರು ಮತ್ತು ಜಾಗ ಸಾಮಾನ್ಯವಾಗಿ ಸ್ಕ್ಯಾನ್ ವರದಿಯಲ್ಲಿ ಇರುತ್ತದೆ. ಕಾರಣಗಳು ಮುಖ್ಯವಾಗಿ ನಾಲ್ಕು.

ಒಂದು, ಫೈಲ್ ಬಳಕೆಯಲ್ಲಿದೆ. ಬಿಲ್ಲಿಂಗ್ ಪ್ರೋಗ್ರಾಂ ಓಡುತ್ತಿರುವಾಗ ಅದು ತನ್ನ ಲೆಕ್ಕದ ಫೈಲನ್ನು ಬೇರೆಯವರಿಗೆ ಮುಟ್ಟಲು ಬಿಡದಿರಬಹುದು. ವಿಂಡೋಸ್ ತನ್ನ ಸ್ವಂತಕ್ಕೆ ಇಟ್ಟುಕೊಳ್ಳುವ ಪೇಜ್‌ಫೈಲ್ ಕೂಡ ಹೀಗೆಯೇ. ಇದು ಹೆಚ್ಚಾಗಿ ನಿರಪಾಯ. ರಾತ್ರಿ ಗಲ್ಲಾ ಮುಚ್ಚಿ, ಬಿಲ್ಲಿಂಗ್ ಪ್ರೋಗ್ರಾಂ ಬಂದ್ ಮಾಡಿ ಮತ್ತೆ ಸ್ಕ್ಯಾನ್ ಹಾಕಿದರೆ ಪಟ್ಟಿ ಚಿಕ್ಕದಾಗುತ್ತದೆ. ಆದರೂ ಅನುಮಾನವಿದ್ದರೆ, ಮೈಕ್ರೋಸಾಫ್ಟ್ ಡಿಫೆಂಡರ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಇದೆ. ಅದು ವಿಂಡೋಸ್ ಏಳುವ ಮೊದಲೇ ಪರೀಕ್ಷೆ ಮಾಡುತ್ತದೆ, ಸುಮಾರು 15 ನಿಮಿಷದ ಕೆಲಸ.

ಎರಡು, ಫೈಲ್‌ಗೆ ಪಾಸ್‌ವರ್ಡ್ ಬೀಗ ಇದೆ. ನಾವೇ ಹಾಕಿದ ಬೀಗವಾದರೆ ಚಿಂತೆಯಿಲ್ಲ. ಮೇಲ್‌ನಲ್ಲಿ ಬಂದದ್ದಾದರೆ ಎಚ್ಚರ. 2004ರಲ್ಲಿ ಬೇಗಲ್ ಎಂಬ ವೈರಸ್ ಬೀಗ ಹಾಕಿದ ಜಿಪ್ ಫೈಲ್ ಆಗಿ ಬಂದು, ಬೀಗದ ಕೈಯನ್ನು ಅದೇ ಮೇಲ್‌ನಲ್ಲಿ ಬರೆದು ಕಳುಹಿಸುತ್ತಿತ್ತು. ಆಂಟಿವೈರಸ್ ಒಳಗೆ ನೋಡಲಾರದು, ಮನುಷ್ಯ ಮಾತ್ರ ತೆರೆಯಬೇಕು ಎಂಬುದೇ ಉಪಾಯ. ಈ ಉಪಾಯ ಇಂದಿಗೂ ಸತ್ತಿಲ್ಲ. 300 ಜನರ ಊಟದ ವಿಚಾರಣೆ, ಮೆನು ಜಿಪ್‌ನಲ್ಲಿದೆ, ಪಾಸ್‌ವರ್ಡ್ ಕೆಳಗಿದೆ ಎಂದು ಅಪರಿಚಿತರ ಮೇಲ್ ಬಂದರೆ ತೆರೆಯುವ ಮೊದಲು ಫೋನ್ ಮಾಡಿ ಮಾತಾಡಿ. ನಿಜವಾದ ಗಿರಾಕಿ ಮೆನುವಿಗೆ ಬೀಗ ಹಾಕುವುದಿಲ್ಲ. ಫೈಲ್ ತೆರೆಯಲು ಆಂಟಿವೈರಸ್ ಬಂದ್ ಮಾಡಿ ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಮಾತು ಮುಗಿಸಿ.

ಮೂರು, ಫೈಲ್ ಕೆಟ್ಟಿದೆ ಅಥವಾ ತೀರಾ ದೊಡ್ಡದಿದೆ. 42 ಕಿಲೋಬೈಟ್‌ನ ಒಂದು ಕುಖ್ಯಾತ ಜಿಪ್ ಫೈಲ್ ಪೂರ್ತಿ ಬಿಚ್ಚಿದರೆ ಸುಮಾರು 45 ಲಕ್ಷ ಗಿಗಾಬೈಟ್ ಆಗುತ್ತದೆ. ಇಂಥದ್ದನ್ನು ಬಿಚ್ಚಲು ಹೋಗಿ ಕಂಪ್ಯೂಟರೇ ನಿಂತುಹೋಗಬಾರದೆಂದು ಆಂಟಿವೈರಸ್ ಒಂದು ಮಿತಿ ಇಟ್ಟುಕೊಂಡು, ಅದಕ್ಕಿಂತ ಆಳವಾದದ್ದನ್ನು ಬಿಟ್ಟುಬಿಡುತ್ತದೆ. ನಮಗೆ ಬೇಡದ ಫೈಲ್ ಆದರೆ ಅಳಿಸುವುದೇ ಒಳ್ಳೆಯದು.

ನಾಲ್ಕು, ಇದು ಬಹಳ ಮುಖ್ಯ: ನೋಡಬೇಡ ಎಂದು ಯಾರೋ ಹೇಳಿದ್ದಾರೆ. ಬಿಲ್ಲಿಂಗ್ ಪ್ರೋಗ್ರಾಂ ಹಾಕಲು ಬಂದವರು ನಿಧಾನವಾಗುತ್ತದೆ ಎಂದು ಅದರ ಫೋಲ್ಡರನ್ನು ಸ್ಕ್ಯಾನ್‌ನಿಂದ ಹೊರಗಿಡುವುದುಂಟು. ಕೆಲವೊಮ್ಮೆ ಅದು ಬೇಕಾಗುತ್ತದೆ. ಆದರೆ ಇಡೀ ಸಿ ಡ್ರೈವ್ ಅಥವಾ ಡೌನ್‌ಲೋಡ್ ಫೋಲ್ಡರ್ ಹೊರಗಿಟ್ಟಿದ್ದರೆ, ವಾಚ್‌ಮನ್ ಮುಂಬಾಗಿಲಲ್ಲಿ, ಹಿತ್ತಿಲ ಬಾಗಿಲು ತೆರೆದು ಹಾಕಿದಂತೆ. ಹಾಗೆಂದು ಪ್ರತಿ ಸೂಚನೆಗೂ ಹೆದರಬೇಕಿಲ್ಲ. 2020ರ ಮಾರ್ಚ್‌ನಲ್ಲಿ ವಿಂಡೋಸ್ ಡಿಫೆಂಡರ್, ಯಾರೂ ಏನನ್ನೂ ಹೊರಗಿಡದಿದ್ದರೂ, ಕೆಲವು ಫೈಲ್ ಬಿಟ್ಟಿದ್ದೇನೆ ಎಂದು ಅನೇಕರಿಗೆ ತೋರಿಸಿತು. ಅದು ಅದರದೇ ದೋಷ, ಮೈಕ್ರೋಸಾಫ್ಟ್ ನಂತರ ಅಪ್‌ಡೇಟ್ ಕೊಟ್ಟು ಸರಿಪಡಿಸಿತು.

ಸಣ್ಣ ಹೊಟೇಲಿನ ಕಂಪ್ಯೂಟರಿನಲ್ಲಿ ಕದಿಯಲು ಏನಿದೆ ಎಂದು ಕೇಳುವವರಿದ್ದಾರೆ. ಅಮೆರಿಕದ ವೆಂಡೀಸ್ ಸರಪಳಿಯ ಬಿಲ್ಲಿಂಗ್ ಯಂತ್ರಗಳಲ್ಲಿ ಗಿರಾಕಿಗಳ ಕಾರ್ಡ್ ಕದಿಯುವ ಪ್ರೋಗ್ರಾಂ ಹೊಕ್ಕಿತ್ತು. 2016ರಲ್ಲಿ ಕಂಪನಿಯೇ ತಿಳಿಸಿದಂತೆ 1,000ಕ್ಕೂ ಹೆಚ್ಚು ರೆಸ್ಟೋರೆಂಟ್‌ಗಳಲ್ಲಿ. ಕಳ್ಳರು ಬಂದದ್ದು ಹೊರಗಿನ ಸರ್ವಿಸ್‌ನವರ ದೂರಸಂಪರ್ಕದ ಪಾಸ್‌ವರ್ಡ್ ಹಿಡಿದು. ನಮ್ಮಲ್ಲೂ ರಿಪೇರಿಯವರು ದೂರದಿಂದಲೇ ಕಂಪ್ಯೂಟರ್ ಒಳಗೆ ಬರುತ್ತಾರೆ. ಕಾರ್ಡ್ ಬಿಡಿ, ಜಿಎಸ್‌ಟಿ ಲೆಕ್ಕವೆಲ್ಲ ಬೀಗವಾಗಿ ಹಣ ಕೇಳುವ ಸೂಚನೆ ಬಂದರೆ ಮರುದಿನ ಅಂಗಡಿ ನಡೆಸುವುದೇ ಕಷ್ಟ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಜಗತ್ತಿನಾದ್ಯಂತ ಮಾಡಿದ್ದು ಅದನ್ನೇ.

ಆದ್ದರಿಂದ ಸದಸ್ಯರು ಇಷ್ಟು ಮಾಡಬೇಕೆಂದು ನಮ್ಮ ವಿನಂತಿ. ಸ್ಕ್ಯಾನ್ ಬಿಟ್ಟ ಫೈಲ್‌ಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಓದಿಸಿ, ಹೊಸ ಹೆಸರು ಬಂದಿದೆಯೇ ನೋಡಿ. ಹೊರಗಿಟ್ಟ ಫೋಲ್ಡರ್‌ಗಳ ಹೆಸರು, ದಿನಾಂಕ, ಇಟ್ಟವರು ಯಾರು ಎಂಬುದನ್ನು ಡೈರಿಯಲ್ಲಿ ಬರೆಸಿ ಸಹಿ ಹಾಕಿಸಿ. ಇಂಜಿನಿಯರ್ ಬದಲಾದರೆ ಪಾಸ್‌ವರ್ಡ್ ಬದಲಾಯಿಸಿ. ಲೆಕ್ಕದ ಬ್ಯಾಕಪ್ ತೆಗೆದ ಮೇಲೆ ಆ ಡ್ರೈವ್ ಕಳಚಿ ಕಪಾಟಿನಲ್ಲಿಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ಗಮನದಲ್ಲಿರಲಿ. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸ್ಟೋರ್‌ರೂಮಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ನಮ್ಮಲ್ಲಿ ಪ್ರತಿಯೊಬ್ಬ ಮಾಲಕನಿಗೂ ಗೊತ್ತಿರುತ್ತದೆ. ಕಂಪ್ಯೂಟರಿನ ಬೀಗದ ವಿಷಯದಲ್ಲೂ ಅಷ್ಟೇ ತಿಳಿದಿರಲಿ.