ಅಂಗುಳು ಮತ್ತು ಗಾಯನ

ರೇಡಿಯೋದ ಮುಂದೆ ಕುಳಿತ ಮಗು ಕೇಳಿದ ರಾಗವನ್ನೇ ಗುನುಗತೊಡಗಿದರೆ, "ಮೂಗಿನಲ್ಲಿ ಹಾಡಬೇಡ" ಎಂದು ನಾವು ಗದರುವುದುಂಟು. ಹಾಗಾದರೆ ಎಲ್ಲಿ ಹಾಡಬೇಕೆಂದು ಮಾತ್ರ ಹೇಳಿಕೊಡುವುದಿಲ್ಲ. ತಪ್ಪಿರುವುದು ಮೂಗಿನಲ್ಲಲ್ಲ, ಅಂಗುಳಿನಲ್ಲಿ.

ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದಿನಿಂದ ಮೆಲ್ಲನೆ ಒಳಕ್ಕೆ ಸರಿಸಿ ನೋಡಿರಿ. ಮೊದಲು ಗಟ್ಟಿಯಾದ ಭಾಗ, ಅದರಾಚೆ ಮೆತ್ತನೆಯದು. ಕಿರುನಾಲಿಗೆ ಜೋತುಬಿದ್ದಿರುವುದು ಈ ಮೆದು ಅಂಗುಳಿನ ಅಂಚಿಗೇ. ಇದು ಮೇಲೆದ್ದಾಗ ಮೂಗಿನ ದಾರಿ ಮುಚ್ಚಿ, ನಾದವೆಲ್ಲ ಬಾಯಿಂದ ಹೊರಡುತ್ತದೆ. ಇಳಿದಾಗ ಮೂಗಿಗೂ ಪಾಲು ಹೋಗುತ್ತದೆ. ನಮ್ಮ ಅನುನಾಸಿಕಾಕ್ಷರಗಳು ಹುಟ್ಟುವುದು ಹಾಗೆ.

ಸಪ್ತಸ್ವರಗಳಲ್ಲಿಯೇ ಮ, ನಿ ಎಂಬ ಎರಡು ಅನುನಾಸಿಕಗಳಿವೆ. ಅವನ್ನು ನುಡಿದೊಡನೆ ಅಂಗುಳು ಏಳದಿದ್ದರೆ, ಬೆನ್ನಿಗೆ ಬರುವ ಅಕಾರ ಇಕಾರಗಳೂ ಮೂಗಿಗೆ ಸೇರಿಬಿಡುತ್ತವೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು 'ಸಂಗೀತರತ್ನಾಕರ'ದಲ್ಲಿ ಗಾಯಕರ ದೋಷಗಳನ್ನು ಎಣಿಸುವಾಗ ಸಾನುನಾಸಿಕವನ್ನೂ ಸೇರಿಸಿದ್ದಾನೆ.

ವಳಕಮದಿನ್ನಿಯ ರಾಯಚೂರು ಸೀಮೆಯವರೇ ಆದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನವನ್ನು ಕೇಳಿದವರು ನಿಮ್ಮಲ್ಲಿರಬಹುದು. ವಚನ ಹಾಡುವವರಿಗೆ ಅಂಕಿತವೇ ಒಂದು ಪರೀಕ್ಷೆ. 'ಕೂಡಲಸಂಗಮದೇವ' ಎನ್ನುವಾಗ ನಡುವೆಯೇ ಎರಡು ಅನುನಾಸಿಕಗಳು! 'ಸಂ' ಎಂಬುದರ ಸೊನ್ನೆಯನ್ನೇ ಎಳೆದರೆ ಮಾತು ಮಸುಕಾಗುತ್ತದೆ. 'ಸ'ದ ಅಕಾರದಲ್ಲಿ ನಿಂತು ಸೊನ್ನೆಯನ್ನು ಕೊನೆಗೆ ಮುಟ್ಟಿದರೆ ಸ್ಪಷ್ಟವಾಗುತ್ತದೆ.

ಮನೆಯಲ್ಲಿಯೇ ಪರೀಕ್ಷಿಸಿರಿ. ಒಂದೇ ಶ್ರುತಿಯಲ್ಲಿ 'ಆ' ಎನ್ನುತ್ತ ಎರಡು ಬೆರಳಿಂದ ಮೂಗು ಹಿಡಿಯಿರಿ. ದನಿ ಬದಲಾಗದಿದ್ದರೆ ಅಂಗುಳು ಮೇಲಿದೆ, ಗವ್ವೆಂದರೆ ಇಳಿದಿದೆ. ತುಟಿ ಮುಚ್ಚಿ 'ಮ್' ಎನ್ನುತ್ತ ಮೂಗು ಹಿಡಿದರೆ ದನಿಯೇ ನಿಂತುಹೋಗುವುದನ್ನು ಕಂಡು ಮಕ್ಕಳು ನಗುತ್ತಾರೆ. ನಗಲಿ, ಪಾಠ ಮನಸ್ಸಿಗೆ ಹತ್ತುತ್ತದೆ.

ಅಂಗುಳನ್ನು ಎತ್ತುವ ಬಗೆ? ಆಕಳಿಕೆ ಮೊದಲಾಗುವ ಕ್ಷಣದಲ್ಲಿ ಅದು ತಾನಾಗಿ ಏಳುತ್ತದೆ. ಆ ಅನುಭವವನ್ನು ಗುರುತಿಟ್ಟುಕೊಂಡು ಅಕಾರ ಸಾಧನೆ ಮಾಡಬೇಕು. ಪೂರ್ತಿ ಆಕಳಿಸಿದರೆ ನಾಲಿಗೆಯ ಬುಡ ಹಿಂದಕ್ಕೆ ಸರಿದು ದನಿ ಗಂಟಲಲ್ಲಿ ಹೂತುಹೋಗುತ್ತದೆ. ಬಲವಂತವೂ ಸಲ್ಲದು; ನುರಿತ ಗಾಯಕರಲ್ಲಿಯೂ ಕೆಲವರು ಕೆಲವು ಸ್ವರಗಳಿಗೆ ಸಣ್ಣ ಸಂದು ಉಳಿಸಿಕೊಳ್ಳುತ್ತಾರೆ.

ಇನ್ನೊಂದು ಮಾತು, ಇದು ಹಾಡಿಗಿಂತ ದೊಡ್ಡದು. ಮಗು ಹಾಡುವಾಗಲಷ್ಟೇ ಅಲ್ಲದೆ ಮಾತಾಡುವಾಗಲೂ ಪ, ಬ, ಕ ಅಕ್ಷರಗಳು ಮೂಗಿನಿಂದಲೇ ಬರುತ್ತಿದ್ದರೆ ಗದರಬೇಡಿರಿ. ಅಂಗುಳಿನಲ್ಲಿ ಸೀಳು ಇರಬಹುದು. ಮೇಲಿನ ಚರ್ಮದಡಿ ಅಡಗಿ ಕಣ್ಣಿಗೆ ಕಾಣದಿರುವುದೂ ಉಂಟು. ಇದಕ್ಕೆ ಶಸ್ತ್ರಚಿಕಿತ್ಸೆಯಿದೆ, ಮಾತಿನ ತರಬೇತಿಯಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳನ್ನು ಪರೀಕ್ಷಿಸುತ್ತಾರೆ.