ಗೇರು ಹಣ್ಣಿನ ಭಟ್ಟಿ: ಮೂರು ತಿಂಗಳ ದುಡಿಮೆ, ವರ್ಷದ ಲೆಕ್ಕ

ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಗೋವೆಯ ಸತ್ತರಿ ತಾಲ್ಲೂಕಿಗೆ ಏಪ್ರಿಲ್ ತಿಂಗಳಲ್ಲಿ ಹೋದವರಿಗೆ ಊರಿನ ಫಲಕ ಕಣ್ಣಿಗೆ ಬೀಳುವ ಮೊದಲೇ ಒಂದು ವಾಸನೆ ಮೂಗಿಗೆ ಬಡಿಯುತ್ತದೆ. ಸಿಹಿಯೂ ಹೌದು, ಹುಳಿಯೂ ಹೌದು, ಒಗರೂ ಹೌದು. ಗುಡ್ಡದ ಮೇಲೆ ಉದುರಿದ ಗೇರು ಹಣ್ಣು, ಪೀಪಾಯಿಯಲ್ಲಿ ನೊರೆ ಏಳುತ್ತಿರುವ ರಸ, ಒಲೆಯ ಹೊಗೆ, ಈ ಮೂರೂ ಸೇರಿ ಆದ ವಾಸನೆ ಅದು. ಗೋವೆಯವರ ಫೆನಿ ಹುಟ್ಟುವ ಕಾಲ.

ಇದೇ ಏಪ್ರಿಲ್‌ನಲ್ಲಿ ನಮ್ಮ ಅಂಕೋಲಾ, ಕುಮಟಾ, ಕುಂದಾಪುರ, ಪುತ್ತೂರಿನ ಗುಡ್ಡಗಳಲ್ಲೂ ಗೇರು ಹಣ್ಣು ಉದುರುತ್ತದೆ. ಬೀಜ ತಿರುಚಿ ಬುಟ್ಟಿಗೆ ಹಾಕಿಕೊಂಡವರು ಹಣ್ಣನ್ನು ಅಲ್ಲೇ ಎಸೆದು ಬರುತ್ತಾರೆ. ಒಂದು ಕಿಲೋ ಬೀಜಕ್ಕೆ ಆರರಿಂದ ಎಂಟು ಕಿಲೋ ಹಣ್ಣು ಎಂಬ ಲೆಕ್ಕ ಹಿಡಿದರೆ, ಕ್ವಿಂಟಲ್ ಬೀಜ ಮಾರಿದ ರೈತ ಆರೇಳು ಕ್ವಿಂಟಲ್ ಹಣ್ಣನ್ನು ಮಣ್ಣುಪಾಲು ಮಾಡಿದಂತಾಯಿತು. ಹೀಗಾಗಿ ಗಡಿಯಾಚೆಗಿನ ಭಟ್ಟಿ ಕಂಡು ಬಂದ ನಮ್ಮ ಬೆಳೆಗಾರನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಇದನ್ನು ನಾವೇಕೆ ಮಾಡಬಾರದು? ಉತ್ತರ ಹೇಳುವ ಮೊದಲು ಒಂದು ಸಣ್ಣ ಭಟ್ಟಿ ನಡೆಸುವುದೆಂದರೆ ಏನೇನು ಎಂಬುದನ್ನು ನೋಡೋಣ.

ಮೊದಲು ಕಾಗದ, ಆಮೇಲೆ ಹಂಡೆ

ಪೋರ್ಚುಗೀಸರು ಹದಿನಾರನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದ ಗಿಡ ಗೇರು. ಬೀಜಕ್ಕೆ ಬೆಲೆ ಬರುವ ಮುಂಚಿನಿಂದಲೂ ಗೋವೆಯ ಜನ ಹಣ್ಣಿನ ರಸವನ್ನು ಭಟ್ಟಿ ಇಳಿಸುತ್ತ ಬಂದಿದ್ದಾರೆ. ಹಾಗೆಂದು ಅಲ್ಲಿ ಯಾರು ಬೇಕಾದರೂ ಒಲೆ ಹೂಡುವಂತಿಲ್ಲ. ಗೇರು ಗುಡ್ಡಗಳನ್ನು ವಲಯಗಳಾಗಿ ವಿಂಗಡಿಸಿ ಅಬಕಾರಿ ಇಲಾಖೆ ಹರಾಜು ಹಾಕುತ್ತದೆ. ಭಟ್ಟಿಗೆ ಲೈಸೆನ್ಸ್ ಬೇಕು, ಶುಲ್ಕ ಕಟ್ಟಬೇಕು, ತೆಗೆದದ್ದಕ್ಕೂ ಮಾರಿದ್ದಕ್ಕೂ ಲೆಕ್ಕ ಇಡಬೇಕು.

2009ರಲ್ಲಿ ಫೆನಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಗೋವೆಯ ಹೊರಗೆ ತಯಾರಾದದ್ದಕ್ಕೆ ಆ ಹೆಸರು ಹಾಕುವಂತಿಲ್ಲ. 2016ರಲ್ಲಿ ಗೋವಾ ಸರ್ಕಾರ ಅದನ್ನು ನಾಡ ಸಾರಾಯಿಯ ಸಾಲಿನಿಂದ ಎತ್ತಿ ಪಾರಂಪರಿಕ ಪೇಯದ ಸ್ಥಾನ ಕೊಟ್ಟಿತು. ಹೆಸರಿಗೆ ಗೌರವ ಬಂದ ಮೇಲೆ ಹೆಸರು ಕೆಡಿಸದೆ ಉಳಿಸಿಕೊಳ್ಳುವ ಹೊಣೆಯೂ ಬಂತು. ಆದ್ದರಿಂದ ಹೊಸದಾಗಿ ಭಟ್ಟಿ ಹೂಡುವವನು ತಾಮ್ರದ ಹಂಡೆಗೆ ಮುಂಗಡ ಕೊಡುವುದಕ್ಕಿಂತ ಮೊದಲು ಅಬಕಾರಿ ಕಚೇರಿಯ ಮೆಟ್ಟಿಲು ಹತ್ತಬೇಕು.

ಹಣ್ಣು ಕಾಯುವುದಿಲ್ಲ

ಗೇರು ಹಣ್ಣನ್ನು ಮರದಿಂದ ಕೀಳುವ ಪದ್ಧತಿಯಿಲ್ಲ. ತಾನಾಗಿ ಉದುರಿದ್ದನ್ನೇ ಹೆಕ್ಕಬೇಕು, ಪೂರ್ತಿ ಮಾಗಿದ ಗುರುತು ಅದು. ಆದರೆ ಉದುರಿದ ಹಣ್ಣಿನ ಆಯಸ್ಸು ಒಂದು ದಿನ ಮಾತ್ರ. ಸಿಪ್ಪೆ ತೆಳು, ರಸ ಹೆಚ್ಚು. ಬೆಳಿಗ್ಗೆ ಬಿದ್ದದ್ದು ಮರುದಿನಕ್ಕೆ ಕೊಳೆಯತೊಡಗುತ್ತದೆ. ಆದ್ದರಿಂದ ಭಟ್ಟಿ ಇರಬೇಕಾದ ಜಾಗ ಗುಡ್ಡದ ಬುಡ. ಪೇಟೆಯ ಶೆಡ್ಡು ಇದಕ್ಕೆ ಆಗಿಬರುವುದಿಲ್ಲ. ಹತ್ತಿರದಲ್ಲಿ ಬೇಸಿಗೆಯಲ್ಲೂ ಬತ್ತದ ನೀರೂ ಇರಬೇಕು. ಹಬೆಯನ್ನು ತಣಿಸುವುದೇ ನೀರು.

ಹಣ್ಣು ತುಳಿಯುವ ಮುನ್ನ ಬೀಜವನ್ನು ಒಂದೂ ಬಿಡದೆ ತೆಗೆಯಬೇಕು. ಬೀಜದ ಸಿಪ್ಪೆಯೊಳಗಿನ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಅಂಥದ್ದು ರಸಕ್ಕೆ ಬೆರೆಯಬಾರದು. ಹಳೆಯ ಕ್ರಮದಲ್ಲಿ ಮುರಕಲ್ಲಿನ ಬಂಡೆಯಲ್ಲೇ ಕೊರೆದ ‘ಕೊಳಂಬಿ’ ಎಂಬ ತೊಟ್ಟಿಯಲ್ಲಿ ಹಣ್ಣನ್ನು ಕಾಲಿನಿಂದ ತುಳಿಯುತ್ತಾರೆ. ತುಳಿದ ಚರಟವನ್ನು ಗುಡ್ಡೆ ಮಾಡಿ, ಬಳ್ಳಿ ಸುತ್ತಿ, ಮೇಲೆ ಭಾರದ ಕಲ್ಲು ಹೇರಿದಾಗ ತೊಟ್ಟಿಕ್ಕುವ ತಿಳಿರಸವೇ ‘ನೀರೊ’. ಮತ್ತು ಬರಿಸದ ಈ ಪಾನೀಯವನ್ನು ಮಕ್ಕಳೂ ಕುಡಿಯುತ್ತಾರೆ. ಈಗ ಹೆಚ್ಚಿನವರು ಹಿಂಡುವ ಯಂತ್ರ ಇಟ್ಟುಕೊಂಡಿದ್ದಾರೆ. ಕೂಲಿ ಉಳಿಯುತ್ತದೆ, ಶುಚಿತ್ವವೂ ಹೆಚ್ಚು.

ರಸವನ್ನು ಪೀಪಾಯಿಗೆ ತುಂಬಿ ನೆರಳಿನಲ್ಲಿ ಇಟ್ಟರೆ ಮೂರು ದಿನ. ಹುದುಗು ಬರಲು ಏನನ್ನೂ ಸೇರಿಸುವುದಿಲ್ಲ, ಹಣ್ಣಿನ ಮೇಲೇ ಇರುವ ಯೀಸ್ಟ್ ಆ ಕೆಲಸ ಮಾಡುತ್ತದೆ. ಬುರುಗು ಎದ್ದು, ಕುದಿದಂತೆ ಸದ್ದು ಮಾಡಿ, ಕೊನೆಗೆ ತಣ್ಣಗಾಗುತ್ತದೆ. ಆ ಗಳಿಗೆಯನ್ನು ತಪ್ಪಿಸಬಾರದು. ಇನ್ನೂ ಬಿಟ್ಟರೆ ರಸ ವಿನೆಗರ್ ಕಡೆ ತಿರುಗುತ್ತದೆ. ಪೀಪಾಯಿಯನ್ನು ಪ್ರತಿ ಸಲವೂ ತೊಳೆಯದವನ ಫೆನಿ ಹುಳಿ ನಾರುವುದು ಇದೇ ಕಾರಣಕ್ಕೆ. ಬೆಲ್ಲ, ಸಕ್ಕರೆ ಸುರಿದು ಪ್ರಮಾಣ ಹೆಚ್ಚಿಸುವ ಅಡ್ಡದಾರಿಯೂ ಇದೆ. ಬಾಯಿಗಿಟ್ಟರೆ ಗೇರಿನ ವಾಸನೆ ಸೊರಗಿರುವುದು ಹಳೆಯ ಗಿರಾಕಿಗೆ ತಿಳಿಯದೆ ಇರುವುದಿಲ್ಲ.

ಉರಾಕ್ ಮೊದಲು, ಫೆನಿ ಆಮೇಲೆ

ಹುದುಗಿದ ರಸವನ್ನು ಹಂಡೆಗೆ ಹಾಕಿ, ಬಾಯಿಯ ಸಂದುಗಳಿಗೆ ಮಣ್ಣು ಮೆತ್ತಿ ಒಲೆ ಉರಿಸಿದರೆ ಮೊದಲು ಇಳಿಯುವುದು ‘ಉರಾಕ್’. ಇದರಲ್ಲಿ ಮದ್ಯಸಾರ ಸುಮಾರು ಶೇ 15. ಉರಾಕನ್ನು ಹೊಸ ಹುದುಗುರಸದೊಂದಿಗೆ ಬೆರೆಸಿ ಎರಡನೆಯ ಸಲ ಇಳಿಸಿದಾಗ ಸಿಗುವುದು ಫೆನಿ, ಶೇ 42ರಿಂದ 45. ಬಲವನ್ನು ಅಳೆಯುವ ಹಳೆಯ ಮಾನಕ್ಕೆ ‘ಗ್ರಾವ್’ ಎನ್ನುತ್ತಾರೆ. ಬಟ್ಟಲಿಗೆ ಎತ್ತರದಿಂದ ಸುರಿದಾಗ ಏಳುವ ನೊರೆ ನೋಡಿಯೇ ಬಲ ಹೇಳುವ ಅನುಭವಿಗಳಿದ್ದಾರೆ. ಫೆನಿ ಎಂಬ ಹೆಸರಿಗೂ ನೊರೆ ಎಂಬ ಅರ್ಥದ ‘ಫೇನ’ಕ್ಕೂ ನಂಟಿದೆ. ಅಭ್ಯಾಸವಿಲ್ಲದ ಹೊಸಬ ಮಾತ್ರ ಹೈಡ್ರೋಮೀಟರನ್ನೇ ನಂಬುವುದು ಮೇಲು.

ಇಲ್ಲಿ ಕಲಿಯಬೇಕಾದ ವಿದ್ಯೆ ಬೆಂಕಿಯದು. ಮದ್ಯಸಾರ 78 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ, ನೀರು 100ಕ್ಕೆ. ಅವಸರಪಟ್ಟು ಜೋರಾಗಿ ಉರಿಸಿದರೆ ನೀರಿನ ಹಬೆಯೂ, ಕೆಲವೊಮ್ಮೆ ನೊರೆಯೂ ಒಟ್ಟಿಗೇ ಹೊರಟು ಬರುತ್ತದೆ. ಹಂಡೆಯನ್ನು ಕಂಠಪೂರ್ತಿ ತುಂಬಬಾರದು. ಮೊದಲ ಒಂದಿಷ್ಟು ಮೂಗಿಗೆ ಚುಚ್ಚುವಂತಿರುತ್ತದೆ, ಅದನ್ನು ಬೇರೆ ಇಡಬೇಕು. ಕೊನೆಯದು ಸಪ್ಪೆ, ಕಮಟು, ಅದನ್ನೂ ಬೆರೆಸಬಾರದು. ನಡುವಿನದೇ ಮಾಲು.

ಜೀವದ ಪ್ರಶ್ನೆ

ಮದ್ಯಸಾರದ ಹಬೆಗೆ ಬೆಂಕಿ ಬೇಗ ಹತ್ತುತ್ತದೆ. ಇಳಿಯುವ ಕೊಡ ಒಲೆಯಿಂದ ದೂರವಿರಬೇಕು, ಸುತ್ತ ಗಾಳಿಯಾಡಬೇಕು, ಬೀಡಿ ಸೇದುವವನನ್ನು ಹತ್ತಿರ ಬಿಡಬಾರದು. ಹಬೆಯ ಕೊಳವೆ ಎಲ್ಲಿಯೂ ಕಟ್ಟಿಕೊಳ್ಳದಂತೆ ನೋಡಬೇಕು. ಕಟ್ಟಿತೆಂದರೆ ಹಂಡೆಯೇ ಸಿಡಿಯಬಹುದು. ತಾಮ್ರದ ಬೆಸುಗೆಗೆ ಸೀಸ ಬಳಸಬಾರದು. ಹಳೆಯ ಲಾರಿಯ ರೇಡಿಯೇಟರನ್ನು ಹಬೆ ತಣಿಸಲು ಬಳಸುವ ಕಳ್ಳಭಟ್ಟಿಗಳ ಮದ್ಯದಲ್ಲಿ ಸೀಸ ಸೇರುವುದು ಹೀಗೆಯೇ.

ಇನ್ನೊಂದು ಭಯ ಮೆಥನಾಲಿನದು. ಹಣ್ಣಿನ ರಸ ಹುದುಗುವಾಗ ಅದು ಅತ್ಯಲ್ಪ ಪ್ರಮಾಣದಲ್ಲಿ ಹುಟ್ಟುತ್ತದೆ, ನಿಜ. ಸಾಮೂಹಿಕ ಸಾವು ತರುವುದು ಕಾರ್ಖಾನೆಯ ಮೆಥನಾಲನ್ನು ಹಣದಾಸೆಗೆ ಬೆರೆಸಿದಾಗ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಬಡವರು ಸತ್ತದ್ದು, 2008ರಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು ಇಂಥ ಕಳ್ಳಭಟ್ಟಿಯಿಂದ. ರುಚಿ ನೋಡಿ, ವಾಸನೆ ನೋಡಿ ಮೆಥನಾಲನ್ನು ಗುರುತಿಸಲಾಗದು. ಆದ್ದರಿಂದ ಪ್ರಾಮಾಣಿಕ ಭಟ್ಟಿಯವನು ಹೊರಗಿನಿಂದ ಒಂದು ತೊಟ್ಟು ಸ್ಪಿರಿಟನ್ನೂ ಕೊಳ್ಳುವುದಿಲ್ಲ, ತನ್ನ ಮಾಲನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲು ಹಿಂಜರಿಯುವುದೂ ಇಲ್ಲ.

ನೂರು ಕಿಲೋ ಹಣ್ಣಿನ ಲೆಕ್ಕ

ಈಗ ಹಣದ ಮಾತು. ನೂರು ಕಿಲೋ ಹಣ್ಣಿನಿಂದ ಸುಮಾರು 60 ಲೀಟರು ರಸ. ಅದರಲ್ಲಿ ಸಕ್ಕರೆ ಶೇ 10 ಎಂದಿಟ್ಟುಕೊಂಡರೆ ಆರು ಕಿಲೋ. ಅದರ ಅರ್ಧದಷ್ಟು ತೂಕ ಮದ್ಯಸಾರವಾದೀತು, ಲೀಟರಿನಲ್ಲಿ ಹೇಳುವುದಾದರೆ ಮೂರೂಮುಕ್ಕಾಲು. ತನ್ನಷ್ಟಕ್ಕೆ ಹುದುಗುವ ರಸದಲ್ಲಿ ಪೂರ್ತಿ ಸಿಗುವುದಿಲ್ಲ, ಮೂರು ಲೀಟರು ಹಿಡಿಯೋಣ. ಶೇ 43ರ ಫೆನಿಯಾದರೆ ಅದು ಏಳು ಲೀಟರು. ಮೊದಲಿನದು, ಕೊನೆಯದು ಎಂದು ಬಿಟ್ಟದ್ದನ್ನು ಕಳೆದರೆ ಕೈಗೆ ಬರುವುದು ಐದಾರು ಲೀಟರು. ಇದಕ್ಕಿಂತ ಬಹಳ ಹೆಚ್ಚು ಬಂತೆಂದು ಯಾರಾದರೂ ಹೇಳಿದರೆ ಪೀಪಾಯಿಯಲ್ಲಿ ಬೆಲ್ಲ ಕರಗಿದೆ ಎಂದೇ ತಿಳಿಯಬೇಕು.

ಖರ್ಚಿನಲ್ಲಿ ದೊಡ್ಡವು ಹೆಕ್ಕುವವರ ಕೂಲಿ ಮತ್ತು ಸೌದೆ. ಎರಡು ಸಲ ಇಳಿಸುವುದರಿಂದ ಸೌದೆಯೂ ಹೆಚ್ಚು ಬೇಕು, ಮಳೆಗಾಲ ಮುಗಿದ ಕೂಡಲೇ ಕಡಿದು ಒಣಗಿಸಿಟ್ಟವನಿಗೆ ಉಳಿತಾಯ. ಸುಗ್ಗಿ ಫೆಬ್ರವರಿ ಕೊನೆಯಿಂದ ಮೇ ತನಕ. ಉಳಿದ ಒಂಬತ್ತು ತಿಂಗಳು ಹಂಡೆ ಬೋರಲು ಬಿದ್ದಿರುತ್ತದೆ, ಸಾಲದ ಬಡ್ಡಿ ಮಾತ್ರ ಎದ್ದೇ ಇರುತ್ತದೆ. ಈ ಕಾರಣಕ್ಕೆ ತಿಳಿದವರು ಉರಾಕನ್ನು ಸುಗ್ಗಿಯಲ್ಲೇ ಮಾರುತ್ತಾರೆ. ಬಹುದಿನ ಉಳಿಯದ ಅದರಿಂದ ದಿನಗೂಲಿ ಹುಟ್ಟುತ್ತದೆ. ಫೆನಿಯನ್ನು ದೊಡ್ಡ ಗಾಜಿನ ಜಾಡಿಗಳಲ್ಲಿ ತುಂಬಿಟ್ಟು ಬೆಲೆ ಬಂದಾಗ ಕೊಡುತ್ತಾರೆ. ಇಟ್ಟಷ್ಟೂ ಅದರ ಖಾರ ಇಳಿದು ಮೃದುವಾಗುತ್ತದೆ. ಉರಾಕ್ ಕೈಯ ಕಾಸು, ಫೆನಿ ಪೆಟ್ಟಿಗೆಯ ಕಾಸು.

ಹಂಡೆಯಲ್ಲಿ ಉಳಿಯುವ ಹುಳಿನೀರನ್ನು ಹಳ್ಳಕ್ಕೆ, ಬಾವಿಯ ಬದಿಗೆ ಬಿಡಬಾರದು. ಗುಂಡಿ ತೋಡಿ ಇಂಗಿಸಬೇಕು. ಚರಟ ಒಳ್ಳೆಯ ಗೊಬ್ಬರ. ನೆರೆಯವರ ಬಾವಿ ಕೆಡಿಸಿದ ಭಟ್ಟಿ ಎರಡನೆಯ ವರ್ಷ ಕಾಣುವುದು ಕಷ್ಟ.

ನಮ್ಮಲ್ಲಿ ಆದೀತೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ನಿಷೇಧವಾಗಿದೆ. ಲೈಸೆನ್ಸ್ ಇಲ್ಲದೆ ಭಟ್ಟಿ ಇಳಿಸುವುದಷ್ಟೇ ಅಲ್ಲ, ಇಳಿಸುವ ಸಾಧನ ಮನೆಯಲ್ಲಿಟ್ಟುಕೊಳ್ಳುವುದೂ ಅಬಕಾರಿ ಕಾಯಿದೆಯಡಿ ಅಪರಾಧ. ಗೋವೆಯಲ್ಲಿ ಕೂಲಿ ಮಾಡಿ ಕಲಿತು ಬಂದೆ, ನಮ್ಮ ಗುಡ್ಡದ ಹಣ್ಣೇ ತಾನೆ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಮಾಡಿದರೂ ಅದನ್ನು ಫೆನಿ ಎನ್ನುವಂತಿಲ್ಲ.

ಹಾಗಾದರೆ ಬಾಗಿಲು ಪೂರ್ತಿ ಮುಚ್ಚಿದೆಯೆ? ನೆರೆಯ ಕೇರಳದ ಕಣ್ಣೂರು ಜಿಲ್ಲೆಯ ಪಯ್ಯಾವೂರಿನ ಸಹಕಾರಿ ಬ್ಯಾಂಕಿಗೆ ಗೇರು ಹಣ್ಣಿನ ಮದ್ಯ ತಯಾರಿಸಲು ಅಲ್ಲಿನ ಸರ್ಕಾರ 2022ರಲ್ಲಿ ಅನುಮತಿ ಕೊಟ್ಟಿತು. ಬಿಡಿ ರೈತನಿಗೆ ಸಿಗದ್ದು ಸಹಕಾರ ಸಂಘಕ್ಕೆ ಸಿಕ್ಕಿತು ಎಂಬುದನ್ನು ನಮ್ಮವರು ಗಮನಿಸಬೇಕು. ಹತ್ತಾರು ಬೆಳೆಗಾರರು ಒಂದಾಗಿ ಕೇಳಿದರೆ ಲೆಕ್ಕ ಇಡುವುದೂ ಸುಲಭ, ಸರ್ಕಾರಕ್ಕೆ ನಂಬುವುದೂ ಸುಲಭ.

ಅಲ್ಲಿಯವರೆಗೆ ಹಣ್ಣನ್ನು ಎಸೆಯಲೇಬೇಕೆಂದೇನಿಲ್ಲ. ಕಿತ್ತಳೆಗಿಂತ ಹಲವು ಪಟ್ಟು ‘ಸಿ’ ಜೀವಸತ್ವ ಇರುವ ಹಣ್ಣಿದು. ಅಡ್ಡಿಯಾಗಿರುವುದು ಗಂಟಲು ಹಿಡಿಯುವ ಒಗರು. ಲೀಟರು ರಸಕ್ಕೆ ಐದು ಗ್ರಾಮಿನಷ್ಟು ಸಾಬಕ್ಕಿ ಪುಡಿಯನ್ನು ಗಂಜಿ ಕಾಯಿಸಿ ಬೆರೆಸಿ, ಕೆಲವು ಗಂಟೆ ಅಲುಗಿಸದೆ ಇಟ್ಟರೆ ಒಗರು ತಳ ಸೇರಿ ಮೇಲೆ ತಿಳಿರಸ ನಿಲ್ಲುತ್ತದೆ. ಅದರಿಂದ ಷರಬತ್ತು, ಸಿರಪ್ ಮಾಡಬಹುದು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿ ಹಣ್ಣಿನ ಬಳಕೆಯ ಬಗ್ಗೆ ಕೇಳಿ ತಿಳಿಯಲು ಅವಕಾಶವಿದೆ. ಇದಕ್ಕೆ ಅಬಕಾರಿಯ ಹಂಗಿಲ್ಲ, ಹೆಂಗಸರ ಸ್ವಸಹಾಯ ಸಂಘವೂ ಮಾಡಬಹುದು.

ಭಟ್ಟಿಯಾಗಲಿ ಷರಬತ್ತಾಗಲಿ, ಗೇರು ಹಣ್ಣಿನ ಕಟ್ಟಳೆ ಒಂದೇ: ಇವತ್ತು ಬಿದ್ದದ್ದನ್ನು ಇವತ್ತೇ ಹಿಂಡಬೇಕು. ನಾಳೆ ನೋಡೋಣ ಎಂದವನ ಪಾಲಿಗೆ ಗುಡ್ಡದಲ್ಲಿ ಉಳಿಯುವುದು ವಾಸನೆ ಮಾತ್ರ.